1986ರ ಮಟಡೋರ್ ಕ್ಯಾಂಪರ್: ಹಳೇ ವೈರಿಂಗ್ ಕಿತ್ತು ಹೊಸದು ಎಳೆಯೋದು ಹೇಗೆ?

ಮಟಡೋರ್86 (ಪ್ರಶ್ನೆ)

ತಗಡಿನ ಕೆಲಸ, ಪೇಂಟ್ ಮುಗಿದಿದೆ. ಸೀಟು, ಒಳಗಿನ ಹಲಗೆ ಎಲ್ಲ ಹೊರಗಿವೆ, ಗಾಡಿ ಯಲಹಂಕದ ಶೆಡ್ಡಿನಲ್ಲಿದೆ. ಡೀಸೆಲ್, 12 ವೋಲ್ಟ್, ನೆಗೆಟಿವ್ ಅರ್ಥ್, ಆಲ್ಟರ್ನೇಟರ್ ಪ್ಲೇಟಿನ ಮೇಲೆ 35 ಆಂಪ್ ಅಂತಿದೆ. ಹಿಂದೆ ಹಾಕಬೇಕಾದದ್ದು: 45 ವಾಟಿನ ಕಂಪ್ರೆಸರ್ ಫ್ರಿಜ್, 20 ವಾಟಿನ ಎರಡು ಡಿಸಿ ಫ್ಯಾನ್, ನಾಲ್ಕು ಎಲ್‌ಇಡಿ, ನೀರಿನ ಪಂಪ್, ಲ್ಯಾಪ್‌ಟಾಪ್. 100 ಎಎಚ್ (ಆಂಪ್ ಅವರ್) ಲಿಥಿಯಂ ಬ್ಯಾಟರಿ, ಟಾಪ್ ಮೇಲೆ 200 ವಾಟ್ ಸೋಲಾರ್ ಅಂದುಕೊಂಡಿದ್ದೇನೆ.

ಆಟೋ ಎಲೆಕ್ಟ್ರಿಷಿಯನ್ ಹೇಳೋದು ಹೀಗೆ: ಹಳೇ ವೈರಿಂಗ್ ಚೆನ್ನಾಗಿದೆ, ಕೆಟ್ಟ ಕಡೆ ಜಾಯಿಂಟ್ ಹಾಕೋಣ; ಲಿಥಿಯಂಗೆ ಆಲ್ಟರ್ನೇಟರಿಂದ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡೋ ಸ್ವಿಚ್) ಮೂಲಕ ನೇರ ಕೊಡೋಣ; 1500 ವಾಟ್ ಇನ್ವರ್ಟರ್ ಇಟ್ಟರೆ ಇಂಡಕ್ಷನ್ ಸ್ಟೌವ್ ಕೂಡ ನಡೆಯುತ್ತೆ. ಮೂರಕ್ಕೂ ನಿಮ್ಮ ಅಭಿಪ್ರಾಯ ಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಂತಾಗ ಹೊರಗಿಂದ 230 ವೋಲ್ಟ್ ತಗೊಳ್ಳೋ ಹಾಗೂ ಮಾಡಬೇಕು.

ತಂತಿಗಾರ

ಮೊದಲನೇದಕ್ಕೆ ಮಾತ್ರ ಉತ್ತರಿಸುತ್ತೇನೆ: ಪೂರ್ತಿ ಬದಲಿಸಿ. ಅಷ್ಟು ಹಳೇ ಪಿವಿಸಿ ನೋಡೋಕೆ ನೆಟ್ಟಗಿದ್ದರೂ ಬಗ್ಗಿಸಿದ ಕಡೆ ಸೀಳುತ್ತೆ. ತಾಮ್ರ ಕಪ್ಪಾಗಿದ್ದರೆ ಹೊಸ ಲಗ್ (ವೈರ್ ತುದಿಗೆ ಹಾಕೋ ಲೋಹದ ಕೊಂಡಿ) ಒತ್ತಿದರೂ ಹಿಡಿತ ಬರಲ್ಲ, ಜಾಯಿಂಟ್ ಬಿಸಿಯಾಗುತ್ತಾ ಹೋಗುತ್ತೆ. ಸೀಟು ಆಚೆ ಇರುವಾಗ ಬಿಟ್ಟರೆ ಆಮೇಲೆ ಎಲ್ಲ ಬಿಚ್ಚಬೇಕು.

ಆದರೆ ಕತ್ತರಿಸಿ ಎಸೆಯೋ ಅವಸರ ಬೇಡ. ಪ್ರತಿ ವೈರಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಕಟ್ಟಿ, ಫೋಟೋ ತೆಗೆದು, ಹಳೇ ಹಾರ್ನೆಸ್ಸನ್ನು (ವೈರುಗಳ ಇಡೀ ಕಟ್ಟನ್ನು) ಇಡಿಯಾಗಿ ಹೊರಗೆಳೆಯಿರಿ. ಪ್ಲೈವುಡ್ ಹಲಗೆ ಮೇಲೆ ಅದನ್ನು ಹರಡಿ, ಕವಲು ಒಡೆಯೋ ಜಾಗದಲ್ಲೆಲ್ಲ ಮೊಳೆ ಹೊಡೆದು, ಅದೇ ಅಳತೆಗೆ ಹೊಸದನ್ನು ಕಟ್ಟಿ. ಪ್ರತಿ ತುದಿಯಲ್ಲೂ ಒಂದು ಗೇಣು ಹೆಚ್ಚಿಗೆ ಬಿಡಿ.

ಬಣ್ಣ ನಂಬಬೇಡಿ. ಬ್ರಿಟಿಷ್ ಲೂಕಾಸ್ ಪದ್ಧತಿಯಲ್ಲಿ ಕಂದು ಅಂದ್ರೆ ಬ್ಯಾಟರಿಯಿಂದ ನೇರ ಬಂದ ಪ್ಲಸ್, ಕಪ್ಪು ಅರ್ಥ್. ಜರ್ಮನ್ ಡಿಐಎನ್ ಪದ್ಧತಿಯಲ್ಲಿ ಕಂದೇ ಅರ್ಥ್. ಕೆಂಪು ನೇರ ಪ್ಲಸ್, ಕಪ್ಪು ಕೀ ಆನ್ ಆದಮೇಲೆ ಬರೋ ಪ್ಲಸ್. ಮಟಡೋರ್ ಹುಟ್ಟಿದ್ದು ಹ್ಯಾಂಬರ್ಗಿನ ಟೆಂಪೊ ಕಾರ್ಖಾನೆಯಲ್ಲಿ, ಓಡಿದ್ದು, ರಿಪೇರಿಯಾದದ್ದು ನಮ್ಮೂರಲ್ಲಿ. ಕೈಗೆ ಸಿಕ್ಕ ವೈರ್ ಸೇರಿಸಿ ಓಡಿಸಿರೋ ಗಾಡಿಗಳೇ ಜಾಸ್ತಿ. ಕಂದು ವೈರನ್ನು ಅರ್ಥ್ ಅಂತ ಗಾಡಿಯ ತಗಡಿಗೆ ಬಿಗಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಪ್ರತಿಯೊಂದನ್ನೂ ಮಲ್ಟಿಮೀಟರಿನ ಬೀಪ್ ಇಟ್ಟು ನೋಡಿಯೇ ಬರೆದುಕೊಳ್ಳಿ.

ಗಾತ್ರ (ವೈರಿಗೆ ಎಂಎಂ ಅಂದ್ರೆ ಇಲ್ಲೆಲ್ಲ ಚದರ ಎಂಎಂ): ಇಂಡಿಕೇಟರ್, ಟೇಲ್, ಮೀಟರ್ ಬೋರ್ಡಿಗೆ 1 ಎಂಎಂ ಸಾಕು. ಹಾರ್ನ್, ವೈಪರ್‌ಗೆ 1.5. ಹೆಡ್‌ಲೈಟಿಗೆ 2.5. ಆಲ್ಟರ್ನೇಟರಿಂದ ಬ್ಯಾಟರಿಗೆ 10. ಗ್ಲೋ ಪ್ಲಗ್ (ಸ್ಟಾರ್ಟಿಗೆ ಮೊದಲು ಡೀಸೆಲ್ ಇಂಜಿನ್ನನ್ನು ಬಿಸಿ ಮಾಡೋದು) 40 ಆಂಪ್ ಆಸುಪಾಸು ಎಳೆಯುತ್ತೆ, ಅದಕ್ಕೂ 10. ಸೆಲ್ಫ್ ಮೋಟರಿಗೆ 50 ಎಂಎಂ. ಐಎಸ್ 2465 ಅಂತ ಒತ್ತಿರೋ ಆಟೋ ಕೇಬಲ್ ತಗೊಳ್ಳಿ. ಮನೆ ವೈರಿನ ಹೊದಿಕೆ ಇಂಜಿನ್ ಬಿಸಿಗೆ, ಡೀಸೆಲ್ ಎಣ್ಣೆಗೆ ಮಾಡಿದ್ದಲ್ಲ.

ಹೆಡ್‌ಲೈಟಿಗೆ ರಿಲೇ ಹಾಕಲೇಬೇಕು. ಎರಡು 55 ವಾಟ್ ಬಲ್ಬ್ ಅಂದ್ರೆ 9 ಆಂಪ್ ಮೇಲೆ. ಅಷ್ಟೂ ಡ್ಯಾಶ್‌ಬೋರ್ಡಿನ ಹಳೇ ಸ್ವಿಚ್ಚಿನೊಳಗೇ ಸುತ್ತಿ ಹೋಗುತ್ತೆ. ಬಲ್ಬಿಗೆ ಸಿಗೋ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತೆ. ಹಳೇ ಗಾಡಿಗಳ ಲೈಟ್ ಮಂಕಾಗಿರೋಕೆ ಮುಖ್ಯ ಕಾರಣ ಇದೇ, ರಿಫ್ಲೆಕ್ಟರ್ ಅಲ್ಲ. ಡಿಪ್ಪಿಗೊಂದು, ಹೈಬೀಮಿಗೊಂದು 30 ಆಂಪ್ ರಿಲೇ. 30ನೇ ಪಿನ್ನಿಗೆ ಫ್ಯೂಸ್ ದಾಟಿದ ಪ್ಲಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ಚಿನ ವೈರ್, 85 ಅರ್ಥ್. ಎಡಬಲಕ್ಕೆ ಬೇರೆಬೇರೆ 10 ಆಂಪ್ ಫ್ಯೂಸ್ ಇರಲಿ, ಒಂದು ಹೋದರೂ ಇನ್ನೊಂದು ಉರಿಯುತ್ತೆ.

ಹೊಸ ಪೇಂಟಿನಿಂದ ಬರೋ ತೊಂದರೆ ಅರ್ಥ್‌ನದು. ಬೋಲ್ಟ್ ಕೂರೋ ಜಾಗದಲ್ಲಿ ಬಣ್ಣ ಕೆರೆದು ಹೊಳೆಯೋ ಕಬ್ಬಿಣ ಕಾಣಬೇಕು, ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ಗ್ರೀಸ್ ಸವರಿ. ಇಂಜಿನ್ನಿಂದ ಚಾಸಿಗೆ ಹೋಗೋ ಹೆಣೆದ ಪಟ್ಟಿ ಇದೆಯೇ ನೋಡಿ. ಅದಿಲ್ಲದಿದ್ದರೆ ಸೆಲ್ಫ್ ಹೊಡೆದಾಗ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗಿ ಅದನ್ನೇ ಸುಡುತ್ತೆ.

ಲಗ್ಗುಗಳನ್ನು ಒತ್ತಿ, ಬೆಸುಗೆ ಹಾಕಬೇಡಿ. ಸೀಸ ವೈರಿನೊಳಗೆ ಹರಿದು ಅಷ್ಟು ಉದ್ದ ಕಡ್ಡಿಯಂತಾಗುತ್ತೆ. ಗಾಡಿ ಅದುರಿದಾಗ ಆ ಕಡ್ಡಿ ಮುಗಿಯೋ ಜಾಗದಲ್ಲೇ ಎಳೆ ತುಂಡಾಗುತ್ತೆ. ಇಕ್ಕಳದಲ್ಲಿ ಜಜ್ಜೋದು ಒತ್ತಿದ ಹಾಗಲ್ಲ, ಸರಿಯಾದ ಕ್ರಿಂಪಿಂಗ್ ಟೂಲ್ ಬೇಕು. ತಗಡಿನ ತೂತು ದಾಟೋ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರೋ ಬಳೆ), ಒಂದಡಿಗೊಂದು ಕ್ಲಿಪ್.

ಡಿಸಿ_ದಾಸರಹಳ್ಳಿ

ಮೇಲಿನದಕ್ಕೆ ಸಹಮತ. ಒಂದು ಸೇರಿಸುತ್ತೇನೆ: ಗಾಡಿ ವೈರಿಂಗೂ ಹಿಂದಿನ ಮನೆ ವೈರಿಂಗೂ ಬೇರೆಬೇರೆ ಇರಲಿ. ಎರಡೂ ಸೇರೋದು ಚಾರ್ಜರ್ ಹತ್ತಿರ ಮತ್ತು ಚಾಸಿಯ ಒಂದೇ ಅರ್ಥ್ ಬೋಲ್ಟಿನಲ್ಲಿ.

ಮೊದಲು ಲೆಕ್ಕ. ಫ್ರಿಜ್ ದಿನದ ಶೇ 40 ಹೊತ್ತು ಓಡಿದರೆ 430 ವಾಟ್ ಅವರ್. ಫ್ಯಾನ್ ಎರಡು, ಎಂಟು ಗಂಟೆ: 320. ಲೈಟ್ 80, ಪಂಪ್ 20, ಲ್ಯಾಪ್‌ಟಾಪ್ ಮೊಬೈಲ್ 150. ಒಟ್ಟು ಸಾವಿರ. 12.8 ವೋಲ್ಟಿನ 100 ಎಎಚ್ ಲಿಥಿಯಂ ಅಂದ್ರೆ 1280 ವಾಟ್ ಅವರ್, ಬಳಸೋಕೆ 1100 ಅಂತಿಟ್ಟುಕೊಳ್ಳಿ. ಒಂದು ದಿನಕ್ಕೆ ಸರಿಹೋಯ್ತು. 200 ವಾಟ್ ಪ್ಯಾನೆಲ್ ಫೆಬ್ರವರಿ, ಮಾರ್ಚ್ ಬಿಸಿಲಲ್ಲಿ 700ರ ತನಕ ಕೊಡಬಹುದು. ಜುಲೈ ಮೋಡದಲ್ಲಿ ಅದರರ್ಧವೂ ಕಷ್ಟ. ಮಿಕ್ಕಿದ್ದು ಇಂಜಿನ್ನಿಂದ ಬರಬೇಕು.

ರಿಲೇ ಮೂಲಕ ಆಲ್ಟರ್ನೇಟರಿಂದ ನೇರ ಕೊಡೋದು ಲೆಡ್ ಆಸಿಡ್ ಕಾಲದ ಉಪಾಯ. ಆ ಬ್ಯಾಟರಿ ತುಂಬ್ತಾ ತುಂಬ್ತಾ ತಾನೇ ಕರೆಂಟ್ ಕಡಿಮೆ ಎಳೆಯುತ್ತೆ. ಲಿಥಿಯಂನ ಒಳಪ್ರತಿರೋಧ ತೀರಾ ಕಡಿಮೆ, ಹೆಚ್ಚುಕಡಿಮೆ ತುಂಬೋವರೆಗೂ ಆಲ್ಟರ್ನೇಟರ್ ಎಷ್ಟು ಕೊಡುತ್ತೋ ಅಷ್ಟೂ ಎಳೆಯುತ್ತೆ. 35 ಆಂಪ್ ಯಂತ್ರವನ್ನು ಗಂಟೆಗಟ್ಟಲೆ 35ರಲ್ಲೇ ಓಡಿಸಿದರೆ ಸ್ಟೇಟರ್, ಡಯೋಡ್ ಸುಡುತ್ತವೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಇಂಜಿನ್ ಐಡ್ಲಿಂಗಿನಲ್ಲಿರುವಾಗ ಇನ್ನೂ ಕೆಟ್ಟದು: ಕರೆಂಟ್ ಅರ್ಧಕ್ಕಿಳಿದಿರುತ್ತೆ, ತಣ್ಣಗಿಡೋ ಫ್ಯಾನೂ ನಿಧಾನ. ಇನ್ನೊಂದು, ಬ್ಯಾಟರಿಯ ಬಿಎಂಎಸ್ (ಒಳಗಿನ ಕಾವಲು ಸರ್ಕ್ಯೂಟ್) ಸಡನ್ನಾಗಿ ಕಟ್ ಮಾಡಿದರೆ ವೋಲ್ಟೇಜ್ ಜಿಗಿದು ಡಯೋಡ್ ಹೋಗಬಹುದು.

ಆದ್ದರಿಂದ ಡಿಸಿ ಟು ಡಿಸಿ ಚಾರ್ಜರ್, ಅಂದ್ರೆ ಆಲ್ಟರ್ನೇಟರಿಂದ ಮಿತಿಯಲ್ಲಿ ಕರೆಂಟ್ ತಗೊಂಡು ಲಿಥಿಯಂಗೆ ಬೇಕಾದ ವೋಲ್ಟೇಜಿನಲ್ಲಿ ಕೊಡೋದು. ಅದರಲ್ಲೂ ಅಂಗಡಿಯವರು ಮೊದಲು ತೋರಿಸೋ 30 ಆಂಪಿನದು ನಿಮಗೆ ಬೇಡ. ಅದು ಆಲ್ಟರ್ನೇಟರಿಂದ 35 ಎಳೆಯುತ್ತೆ, ಹೆಡ್‌ಲೈಟಿಗೆ ಏನೂ ಉಳಿಯಲ್ಲ. 12 ಆಂಪಿನದು ಸಾಕು. ಗಂಟೆಗೆ 160 ವಾಟ್ ಅವರ್ ತುಂಬುತ್ತೆ, ಎರಡು ಗಂಟೆ ಓಡಿಸಿದರೆ ಬಿಸಿಲಿನ ದಿನದ 300ರ ಕೊರತೆ ತೀರಿತು. ಹೆಚ್ಚು ಬೇಕಾದರೆ ಮೊದಲು 65 ಆಂಪ್ ಆಲ್ಟರ್ನೇಟರ್, ಆಮೇಲೆ ದೊಡ್ಡ ಚಾರ್ಜರ್. ಸೆಟ್ಟಿಂಗ್ ಲಿಥಿಯಂ: 14.2ರಿಂದ 14.4 ವೋಲ್ಟ್, ಫ್ಲೋಟ್ (ತುಂಬಿದಮೇಲೆ ಹಿಡಿದಿಡೋ ವೋಲ್ಟೇಜ್) 13.5.

ಎರಡು ಬ್ಯಾಟರಿ ನಡುವೆ 6 ಎಂಎಂ ವೈರ್, ಎರಡೂ ಕಡೆ 20 ಆಂಪ್ ಫ್ಯೂಸ್. ಎರಡೂ ತುದಿಯಲ್ಲಿ ಬ್ಯಾಟರಿ ಇರೋದರಿಂದ ಒಂದೇ ಫ್ಯೂಸ್ ಸಾಲದು. ನಡುವೆ ವೈರ್ ತಗಡಿಗೆ ತಾಗಿದರೆ ಫ್ಯೂಸ್ ಇಲ್ಲದ ಕಡೆಯಿಂದ ಬೆಂಕಿ ಹತ್ತುತ್ತೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗಿರಬೇಕು. ಅದು ಕಾಯೋದು ವೈರನ್ನು, ಫ್ರಿಜ್ಜನ್ನಲ್ಲ. ವೈರ್ ತಡೆಯೋದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಇಲ್ಲದ ಹಾಗೇ.

ಫ್ರಿಜ್ಜಿಗೆ ಪ್ರತ್ಯೇಕ ಲೈನ್. 4 ಆಂಪ್, ಐದು ಮೀಟರ್ ದೂರ, ಹೋಗಿಬರೋದು ಸೇರಿ ಹತ್ತು: 1.5 ಎಂಎಂನಲ್ಲಿ 0.47 ವೋಲ್ಟ್ ಬೀಳುತ್ತೆ, 4 ಎಂಎಂನಲ್ಲಿ 0.18. ಕಂಪ್ರೆಸರ್ ಶುರುವಾಗೋ ಕ್ಷಣದಲ್ಲಿ ಎಳೆತ ಇನ್ನೂ ಜಾಸ್ತಿ. ಬ್ಯಾಟರಿ ತುಂಬಿದ್ದರೂ ಫ್ರಿಜ್ ಲೋ ವೋಲ್ಟೇಜ್ ತೋರಿಸಿ ನಿಲ್ಲೋದು ಹೆಚ್ಚಾಗಿ ಈ ಸಣ್ಣ ವೈರಿನಿಂದಲೇ. 4 ಎಂಎಂ ಹಾಕಿ.

ಇಂಡಕ್ಷನ್ ಮರೆತುಬಿಡಿ. 1500 ವಾಟಿಗೆ ಬ್ಯಾಟರಿಯಿಂದ 138 ಆಂಪ್ ಬೇಕು. 100 ಎಎಚ್ ಬ್ಯಾಟರಿಯ ಬಿಎಂಎಸ್ ಸಾಮಾನ್ಯವಾಗಿ 100ಕ್ಕೇ ಟ್ರಿಪ್. ನಡೆದರೂ ಇಪ್ಪತ್ತು ನಿಮಿಷದ ಅನ್ನ ಸಾರಿಗೆ ಅರ್ಧ ಬ್ಯಾಟರಿ ಖಾಲಿ. ಲ್ಯಾಪ್‌ಟಾಪಿಗೆ 300 ವಾಟ್ ಪ್ಯೂರ್ ಸೈನ್ ಇನ್ವರ್ಟರ್, 10 ಎಂಎಂ ವೈರ್, 40 ಆಂಪ್ ಫ್ಯೂಸ್, ಬ್ಯಾಟರಿಯಿಂದ ಒಂದು ಮೀಟರಿನೊಳಗೆ.

ಸೋಲಾರಿಗೆ 20 ಆಂಪ್ ಎಂಪಿಪಿಟಿ ಚಾರ್ಜ್ ಕಂಟ್ರೋಲರ್. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ಉಲ್ಟಾ.

ಮಟಡೋರ್86

ಧನ್ಯವಾದ ಸರ್, ಇಂಡಕ್ಷನ್ ಕೈಬಿಟ್ಟೆ. 230 ವೋಲ್ಟಿನದು ಉಳಿಯಿತು. ಸಾಮಾನು ಎಲ್ಲಿ? ಮತ್ತೆ ಇದಕ್ಕೆಲ್ಲ ಆರ್‌ಟಿಓ ತಕರಾರು ಇದೆಯಾ? ಗಾಡಿ ವಿಂಟೇಜ್ ಅಂತ ರಿಯಾಯಿತಿ ಸಿಗುತ್ತಾ?

ಫೇಸ್_ನ್ಯೂಟ್ರಲ್

ಕೊನೆಯದರಿಂದ ಶುರುಮಾಡ್ತೀನಿ. 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಅಂದ್ರೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ನಿಮ್ಮದಕ್ಕೆ 2036ರ ತನಕ ಆ ಮಾತೇ ಇಲ್ಲ. ವೈರ್ ಬದಲಿಸೋದು ರಿಪೇರಿ, ಅದನ್ನು ಯಾರೂ ಕೇಳಲ್ಲ. ಸೀಟ್ ತೆಗೆದು ಹಾಸಿಗೆ, ಅಡುಗೆಕಟ್ಟೆ ಕೂರಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮಾರ್ಪಾಡು. ಆರ್‌ಸಿಯಲ್ಲಿ ಬರೆಸದೆ ಬಿಟ್ಟರೆ ಇನ್ಶೂರೆನ್ಸ್ ಕ್ಲೇಮಿನ ಹೊತ್ತಿಗೆ ಪೇಚಾಟ. ಹಲಗೆ ಕೂರಿಸೋ ಮೊದಲೇ ನಿಮ್ಮ ಆರ್‌ಟಿಓದಲ್ಲಿ ವಿಚಾರಿಸಿ.

ಸಾಮಾನು: ಆಟೋ ಕೇಬಲ್, ರಿಲೇ, ಫ್ಯೂಸ್ ಬಾಕ್ಸ್, ಗ್ರೊಮೆಟ್ ಬೆಂಗಳೂರಿನ ಜೆಸಿ ರೋಡಲ್ಲಿ. ಲಗ್, ಹೀಟ್ ಶ್ರಿಂಕ್ ಸ್ಲೀವ್, ಮೀಟರ್ ಎಸ್‌ಪಿ ರೋಡಲ್ಲಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡೋದು), ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಕಟ್ ಮಾಡೋದು) ಬಿವಿಕೆ ಅಯ್ಯಂಗಾರ್ ರೋಡಲ್ಲಿ. ತಾಮ್ರದ ಲಗ್ ಅಂತ ಕೊಡೋದರಲ್ಲಿ ಬಣ್ಣ ಹೊಡೆದ ಅಲ್ಯೂಮಿನಿಯಂ ಇರುತ್ತೆ. ಒಂದನ್ನು ಅರದಲ್ಲಿ ಉಜ್ಜಿ ನೋಡಿ, ಆಮೇಲೆ ಡಜನ್ ಲೆಕ್ಕದಲ್ಲಿ ತಗೊಳ್ಳಿ.

230 ವೋಲ್ಟ್: ಗಾಡಿಯ ಹೊರಮೈಯಲ್ಲಿ ನೀಲಿ ಬಣ್ಣದ 16 ಆಂಪ್ ಇಂಡಸ್ಟ್ರಿಯಲ್ ಇನ್‌ಲೆಟ್, ಪಿನ್ ಒಳಮುಖವಾಗಿರೋದು. ಎರಡೂ ಕಡೆ ಪಿನ್ ಇರೋ ವೈರ್ ಮಾತ್ರ ಯಾವತ್ತೂ ಮಾಡ್ಬೇಡಿ. ಅಲ್ಲಿಂದ ಎರಡು ಮೀಟರಿನೊಳಗೆ 30 ಮಿಲಿ ಆಂಪ್ ಡಬಲ್ ಪೋಲ್ ಆರ್‌ಸಿಸಿಬಿ, ಅದರ ಹಿಂದೆ 16 ಆಂಪ್ ಡಬಲ್ ಪೋಲ್ ಎಂಸಿಬಿ. ಹೊರಗಿನ ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೂ ಎರಡೂ ಕಟ್ಟಾಗಲಿ ಅಂತ ಡಬಲ್ ಪೋಲ್. ಹಸಿರು ಅರ್ಥ್ ವೈರ್ ಚಾಸಿಗೆ ಬೋಲ್ಟ್ ಆಗಲೇಬೇಕು. ಗಾಡಿ ನಿಂತಿರೋದು ರಬ್ಬರ್ ಟೈರಿನ ಮೇಲೆ. ಆ ಅರ್ಥ್ ಇಲ್ಲದಿದ್ದರೆ ಫೇಸ್ ಗಾಡಿಯ ತಗಡಿಗೆ ತಾಗಿದರೂ ಏನೂ ಟ್ರಿಪ್ ಆಗಲ್ಲ, ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರಿಗೆ ಹೊಡೆಯುತ್ತೆ.

ಪಾರ್ಕಿಂಗಿನ ಸಾಕೆಟ್ಟಲ್ಲಿ ಅರ್ಥ್ ನಿಜಕ್ಕೂ ಇದೆಯಾ ನೋಡಿ. ಫೇಸ್ ಟು ನ್ಯೂಟ್ರಲ್ 230 ಇದ್ದರೆ ಫೇಸ್ ಟು ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ ಬರಬೇಕು, ನ್ಯೂಟ್ರಲ್ ಟು ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಅರ್ಥ್ ಇದೆಯೋ ಇಲ್ಲವೋ ಗೊತ್ತಾಗಲ್ಲ. ಮೂರು ಕೋರಿನ 2.5 ಎಂಎಂ ಕೇಬಲ್ಲನ್ನು ಪೂರ್ತಿ ಬಿಚ್ಚಿ ಹಾಸಿ, ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗುತ್ತೆ.

ಇನ್ವರ್ಟರ್ ಔಟ್‌ಪುಟ್ಟೂ ಹೊರಗಿನ ಲೈನೂ ಒಂದೇ ಸಾಕೆಟ್ಟಿಗೆ ಬರೋದಾದರೆ ನಡುವೆ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ ಬೇಕು. ಎರಡೂ ಸೇರಿದರೆ ಇನ್ವರ್ಟರ್ ಅಲ್ಲೇ ಹೋಯ್ತು. 300 ವಾಟಿನದಕ್ಕೆ ಇದೆಲ್ಲ ಅತಿ, ಅದಕ್ಕೊಂದು ಪ್ರತ್ಯೇಕ ಸಾಕೆಟ್ ಕೊಟ್ಟುಬಿಡಿ.

ತಂತಿಗಾರ

ಎಲ್ಲ ಕಟ್ಟಿದಮೇಲೆ ಬ್ಯಾಟರಿ ನೇರ ಕೊಡಬೇಡಿ. ಎಲ್ಲ ಸ್ವಿಚ್ ಆಫ್ ಮಾಡಿ, ಮೇನ್ ಫ್ಯೂಸಿನ ಜಾಗದಲ್ಲಿ 12 ವೋಲ್ಟ್ 21 ವಾಟಿನ ಇಂಡಿಕೇಟರ್ ಬಲ್ಬ್ ಸಿಕ್ಕಿಸಿ. ಪೂರ್ತಿ ಪ್ರಖರವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಎರಡು ಆಂಪ್ ಒಳಗೇ ತಡೆಯೋದರಿಂದ ವೈರಿಗೆ ಏನೂ ಆಗಲ್ಲ, ಒಂದೊಂದೇ ಸಣ್ಣ ಫ್ಯೂಸ್ ಕೀಳ್ತಾ ಹುಡುಕಬಹುದು. ಉರಿಯದಿದ್ದರೆ ಒಂದೊಂದೇ ಸ್ವಿಚ್ ಹಾಕಿ. ಟೇಲ್ ಲ್ಯಾಂಪಿಗೆ ಬಲ್ಬ್ ಮಂದವಾಗಿ ಉರಿಯಬೇಕು, ಪೂರ್ತಿ ಅಲ್ಲ. ಆಮೇಲೆ ಫ್ಯೂಸ್ ಕೂರಿಸಿ, ಇಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ ಬ್ಯಾಟರಿ ಕಂಬಗಳಲ್ಲೂ ಬಲ್ಬಿನ ಪಿನ್ನುಗಳಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ 0.5ರೊಳಗಿರಬೇಕು. ಜಾಸ್ತಿ ಬಂದರೆ ಮೊದಲು ಅರ್ಥ್ ಬೋಲ್ಟ್ ಬಿಚ್ಚಿ ನೋಡಿ.