ಅಪ್‌ಡೇಟ್: ಅಚ್ಚು ಸರಿಹೋಯ್ತು, ಗೊಂಬಿ ಕುಂತಾಳ

ಹೋದ ತಿಂಗಳು ಕೇಳಿದ್ನಲ್ರಿ, ಕೀಲುಗೊಂಬಿಯ ಸಿಲಿಕೋನ್ ಅಚ್ಚು ಎರಡು ದಿನ ಆದ್ರೂ ಯಾಕ ಅಂಟಂಟಾಗೇ ಅದ ಅಂತ? ನೀವು ಹೇಳಿದ್ದೇ ಖರೆ. ಮೂಲ ಗೊಂಬಿ ತಿದ್ದಿದ ನನ್ನ ಕ್ಲೇದಾಗ ಗಂಧಕ ಇತ್ತು, ಅದು ತಾಗಿದ್ರ ನಾ ಸುರಿದಿದ್ದ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂನಿಂದ ಗಟ್ಟಿ ಆಗೂ ಜಾತಿ) ಗಟ್ಟಿ ಆಗಂಗಿಲ್ಲ. ತವರದಿಂದ ಗಟ್ಟಿ ಆಗೂ ಟಿನ್ ಸಿಲಿಕೋನ್ ತಂದು ಸುರಿದೆ, ಮರುದಿನ ಅಚ್ಚು ಚೊಕ್ಕ ಬಿಟ್ಕೊಂಡು ಬಂತು.

ಗೊಂಬಿ ಆಗ್ಲಿಕ್ಕೆ ಅಚ್ಚಿನಾಗ ಸುರಿಯೂ ರೆಸಿನ್ (ಗಟ್ಟಿ ಆಗೂ ದ್ರವ ಪ್ಲಾಸ್ಟಿಕ್) ಬ್ಯಾರೇನೇ ಆಟ ಆಡಿಸ್ತು. ಕಲಬುರಗಿ ಬ್ಯಾಸಗಿ, 40 ಡಿಗ್ರಿ ದಾಟಿತ್ತು, ಕಲಸೂದ್ರಾಗೇ ಕಪ್ಪಿನಾಗ ಕಲ್ಲಾಗಿಬಿಡ್ತಿತ್ತು. ಈಗ ಮುಂಜಾನೆ 5ಕ್ಕ ಎದ್ದು, ಮಾಸ್ಕ್ ಹಾಕ್ಕೊಂಡು, ಮಾಳಿಗಿ ಮ್ಯಾಲ ಸುರೀತೀನಿ. ಹಾಲಿನವ ಬರೂಕಿಂತ ಮೊದ್ಲು ಇದೇನ್ ನಿಂದು ಅಂತ ಅವ್ವ ಬೈತಾಳ.

ಕೈಕಾಲು ಕೂಡಿಸಿ ಹಿಡಿಯೂ ಒಳಗಿನ ಎಲಾಸ್ಟಿಕ್ ಬಿಗಿ ಮಾಡಿದ ಮ್ಯಾಲ ಗೊಂಬಿ ಕುಂತಾಳ. ಎಡ ಮೊಣಕಾಲು ಮಾತ್ರ ಇನ್ನೂ ಒದೀತದ, ಮಡಚಿದ್ರ ತಾನೇ ಚಾಚಿಕೊಳ್ತದ. ಜಾರದಂಗ ಕೀಲಿನ ಒಳಗ ತೆಳು ಚರ್ಮ ಅಂಟಿಸಿ ನೋಡ್ತೀನಿ.