ಬಿಕೆಸಿಗೂ ಐರೋಲಿಗೂ ಹೋಗಿಬರಬೇಕು: ಕೈಗೆಟಕುವ ಬಾಡಿಗೆಯ ಮನೆಯನ್ನು ಎಲ್ಲಿ ಹುಡುಕುವುದು?

ಪ್ರಶ್ನೆ: ಹುಬ್ಬಳ್ಳಿಯಿಂದ ಬರುತ್ತಿರುವವರು

ಎಲ್ಲರಿಗೂ ನಮಸ್ಕಾರ. ನನಗೆ ಹುಬ್ಬಳ್ಳಿಯಿಂದ ಮುಂಬಯಿಗೆ ವರ್ಗವಾಗಿದ್ದು, ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ (ಬಿಕೆಸಿ) ಇರುವ ಕಚೇರಿಗೆ ಮುಂದಿನ ತಿಂಗಳು ಹಾಜರಾಗಬೇಕಾಗಿದೆ. ನನ್ನ ಹೆಂಡತಿಗೆ ನವಿ ಮುಂಬಯಿಯ ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿದೆ. ಒಂದನೆಯ ತರಗತಿಗೆ ಸೇರಬೇಕಾದ ಮಗಳು ಮತ್ತು ಮೊಣಕಾಲು ನೋವಿನಿಂದಾಗಿ ಮೆಟ್ಟಿಲು ಹತ್ತಲಾಗದ ನನ್ನ ತಂದೆಯವರು ನಮ್ಮ ಜೊತೆಗಿರುತ್ತಾರೆ. ಮೇಂಟೆನೆನ್ಸ್ ಸೇರಿ ತಿಂಗಳಿಗೆ 25 ಸಾವಿರ ರೂಪಾಯಿಗಿಂತ ಹೆಚ್ಚು ಕೊಡುವ ಶಕ್ತಿ ನಮಗಿಲ್ಲ.

ಬಿಕೆಸಿಯ ಹತ್ತಿರ ಈ ಹಣಕ್ಕೆ ಮನೆ ಸಿಗುವ ಮಾತೇ ಇಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಒಬ್ಬರು ಡೊಂಬಿವಲಿ ಎನ್ನುತ್ತಾರೆ, ಇನ್ನೊಬ್ಬರು ಮೀರಾರೋಡ್, ಮತ್ತೊಬ್ಬರು ನವಿ ಮುಂಬಯಿ. ಫೋನಿನಲ್ಲಿ ಸಿಕ್ಕ ಬ್ರೋಕರ್ ಒಬ್ಬರಂತೂ, ಬಾಡಿಗೆಯ ದುಡ್ಡನ್ನೇ ಕಂತಾಗಿ ಕಟ್ಟಿದರೆ ಬದ್ಲಾಪುರದಲ್ಲಿ ಸ್ವಂತ ಫ್ಲ್ಯಾಟೇ ಆಗುತ್ತದೆ ಎಂದು ಒತ್ತಾಯಿಸುತ್ತಿದ್ದಾರೆ. ನಕ್ಷೆಯಲ್ಲಿ ನೋಡಿದರೆ ಎಲ್ಲ ಊರುಗಳೂ ಲೋಕಲ್ ಮಾರ್ಗದ ಮೇಲೆಯೇ ಇವೆ. ಆದರೆ ನಿತ್ಯದ ಓಡಾಟದಲ್ಲಿ ಅವುಗಳ ನಡುವೆ ಏನು ವ್ಯತ್ಯಾಸವಿದೆ ಎಂಬುದು ಹೊರಗಿನವನಾದ ನನಗೆ ತಿಳಿಯುತ್ತಿಲ್ಲ. ಅಲ್ಲಿ ನೆಲೆಸಿರುವ ಹಿರಿಯರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಡೊಂಬಿವಲಿ ಪೂರ್ವದ ನಿವಾಸಿ

ನಮಸ್ಕಾರ. ಮೊದಲು ಕಿಲೋಮೀಟರಿನ ಲೆಕ್ಕವನ್ನು ಬಿಟ್ಟುಬಿಡಿ. ಮುಂಬಯಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಎಷ್ಟು ಹೊತ್ತು, ನಡುವೆ ಎಷ್ಟು ಕಡೆ ಗಾಡಿ ಬದಲಿಸಬೇಕು, ನೀವು ಹತ್ತುವ ನಿಲ್ದಾಣಕ್ಕೆ ಗಾಡಿ ಖಾಲಿಯಾಗಿ ಬರುತ್ತದೆಯೋ ತುಂಬಿ ಬರುತ್ತದೆಯೋ.

ಡೊಂಬಿವಲಿಯು ದಕ್ಷಿಣ ಮುಂಬಯಿಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಯಿಂದ ಸುಮಾರು 48 ಕಿ.ಮೀ. ದೂರದಲ್ಲಿದೆ. ಫಾಸ್ಟ್ ಲೋಕಲ್ ಹಿಡಿದರೆ ಕುರ್ಲಾಕ್ಕೆ ಮುಕ್ಕಾಲು ಗಂಟೆಯ ಆಸುಪಾಸು. ಕೇಳಲು ಇದು ಹೆಚ್ಚೇನೂ ಅಲ್ಲ. ಆದರೆ ಬೆಳಗಿನ ಎಂಟು ಗಂಟೆಗೆ ಕಸಾರಾ, ಕರ್ಜತ್ ಅಥವಾ ಬದ್ಲಾಪುರದಿಂದ ಬರುವ ಗಾಡಿ ಕಲ್ಯಾಣದಲ್ಲೇ ಬಾಗಿಲವರೆಗೆ ತುಂಬಿರುತ್ತದೆ, ಡೊಂಬಿವಲಿಯಲ್ಲಿ ಹತ್ತುವವರಿಗೆ ಒಂದು ಕಾಲು ಊರುವಷ್ಟು ಜಾಗ ಸಿಕ್ಕರೆ ಅದೇ ಹೆಚ್ಚು. ಹೀಗಾಗಿ ಇಲ್ಲಿಯ ಅನುಭವಸ್ಥರು ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ಗಳ ವೇಳೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕೆಲವರು ಸೀಟಿಗಾಗಿ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅದೇ ಗಾಡಿಯಲ್ಲಿ ಕುಳಿತು ವಾಪಸು ಬರುತ್ತಾರೆ. ಕುರ್ಲಾದಲ್ಲಿ ಇಳಿಯಬೇಕಾದವರು ಘಾಟ್ಕೋಪರ್ ಬರುವ ಮೊದಲೇ ಸೀಟು ಬಿಟ್ಟು ಬಾಗಿಲ ಕಡೆಗೆ ಸರಿದು, ಮುಂದಿರುವವರನ್ನು ‘ಕುರ್ಲಾ?’ ಎಂದು ಕೇಳಿಕೊಂಡು ಸಾಲಿನಲ್ಲಿ ನಿಲ್ಲಬೇಕು. ತಡಮಾಡಿದರೆ ಗಾಡಿ ನಿಮ್ಮನ್ನು ದಾದರ್‌ಗೆ ಒಯ್ಯುತ್ತದೆ.

ದಟ್ಟಣೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಓಡುವ ಲೋಕಲ್‌ಗಳಿಂದ ಬಿದ್ದು ಪ್ರಾಣ ಕಳೆದುಕೊಂಡದ್ದು ಇದೇ ಮಾರ್ಗದಲ್ಲಿ. ಹತ್ತು ನಿಮಿಷ ತಡವಾಗಿ ಹೋದರೂ ಚಿಂತೆಯಿಲ್ಲ, ತುಂಬಿದ ಗಾಡಿಯನ್ನು ಬಿಟ್ಟುಬಿಡುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಕುರ್ಲಾದಲ್ಲಿ ಇಳಿದ ಮೇಲೆ ಪಶ್ಚಿಮ ಭಾಗದಿಂದ ಶೇರ್ ರಿಕ್ಷಾ ಅಥವಾ ಬೆಸ್ಟ್ ಸಂಸ್ಥೆಯ ನಗರ ಬಸ್ ಹಿಡಿಯಬೇಕು. ಈ ಕೊನೆಯ ತುಂಡೇ ನಿಜವಾದ ತಲೆನೋವು, ಸಾಲಿನಲ್ಲಿ ನಿಂತು ಕಚೇರಿ ಸೇರುವಾಗ ಅರ್ಧ ಗಂಟೆ ಕಳೆದಿರುತ್ತದೆ. ಮಳೆ ಜೋರಾದ ದಿನಗಳಲ್ಲಿ ಕುರ್ಲಾ–ಸಾಯನ್ ನಡುವೆ ಹಳಿಗಳ ಮೇಲೆ ನೀರು ನಿಲ್ಲುವುದು ಹೊಸದಲ್ಲ. ಅಂಥ ದಿನ ಘಾಟ್ಕೋಪರ್‌ನಲ್ಲೇ ಇಳಿದು, ಒಂದನೆಯ ಮೆಟ್ರೋ ಮಾರ್ಗದಲ್ಲಿ ಮರೋಳ್ ನಾಕಾದವರೆಗೆ ಹೋಗಿ, ಅಲ್ಲಿಂದ ಮೂರನೆಯ ಮಾರ್ಗದಲ್ಲಿ ಬಿಕೆಸಿ ನಿಲ್ದಾಣ ತಲುಪಬಹುದು. ಸುತ್ತುದಾರಿಯಾದರೂ ಒದ್ದೆಯಾಗದೆ ಮುಟ್ಟುತ್ತೀರಿ.

ಇಷ್ಟೆಲ್ಲ ಇದ್ದರೂ ನಾನು ಈ ಊರನ್ನು ಬಿಟ್ಟಿಲ್ಲ, ಏಕೆಂದರೆ ನವಿ ಮುಂಬಯಿಯಲ್ಲಿ ಒಂದು ಮಲಗುವ ಕೋಣೆಗೆ ಕೊಡುವ ಬಾಡಿಗೆಗೆ ಇಲ್ಲಿ ಎರಡು ಕೋಣೆಗಳ ಮನೆ ಹುಡುಕಬಹುದು, ಅಲ್ಲದೆ ಕನ್ನಡಿಗರ ನೆರೆಹೊರೆಯೂ ದೊಡ್ಡದು. ನಿಮ್ಮ ತಂದೆಯವರಿಗೆ ಮಾತನಾಡುವ ಜನ ಬೇಕೆಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉತ್ತರ: ಕೋಪರ್‌ಖೈರಣೆಯ ಗೃಹಿಣಿ, ಹಿಂದೆ ಐರೋಲಿಯಲ್ಲಿ ಉದ್ಯೋಗಿ

ಮೇಲಿನ ಹಿರಿಯರು ಹೇಳಿದ್ದೆಲ್ಲವೂ ಸರಿ, ಆದರೆ ಅದೆಲ್ಲ ನಿಮ್ಮೊಬ್ಬರ ಪ್ರಯಾಣದ ಲೆಕ್ಕ. ನಿಮ್ಮ ಮನೆಯಲ್ಲಿ ದುಡಿಯುವವರು ಇಬ್ಬರಿದ್ದಾರೆ. ಶಾಲೆಯಿಂದ ಫೋನ್ ಬಂದರೆ, ಅಪ್ಪನವರಿಗೆ ಮೈ ಹುಷಾರಿಲ್ಲವೆಂದರೆ ಮೊದಲು ಓಡಿ ಬರಬೇಕಾದವರು ಯಾರು ಎಂಬುದನ್ನು ಗಂಡಹೆಂಡತಿ ಕುಳಿತು ಈಗಲೇ ತೀರ್ಮಾನಿಸಿಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಆ ಭಾರ ಹೆಂಗಸಿನ ಮೇಲೆಯೇ ಬೀಳುತ್ತದೆ, ಹಾಗೆ ಬೀಳುವುದಾದರೆ ಅವರ ಕಚೇರಿಯ ಹತ್ತಿರವೇ ಮನೆ ಇರಲಿ.

ಡೊಂಬಿವಲಿಯಿಂದ ಐರೋಲಿಗೆ ಹೋಗಲು ಅವರು ತುಂಬಿದ ಗಾಡಿಯಲ್ಲಿ ಠಾಣೆಗೆ ಬಂದು, ಸೇತುವೆ ಹತ್ತಿ ಇಳಿದು, 9 ಅಥವಾ 10ನೆಯ ಪ್ಲಾಟ್‌ಫಾರ್ಮ್‌ನಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿಯಬೇಕು. ಅದೇ ಲೋಕಲ್ ಠಾಣೆಯಿಂದ ದಿಘಾ ಗಾಂವ್, ಐರೋಲಿ, ರಬಾಳೆ, ಘಣಸೋಲಿ, ಕೋಪರ್‌ಖೈರಣೆ, ತುರ್ಭೆ ದಾಟಿ ವಾಶಿಗೂ ಪನವೇಲ್ ಕಡೆಗೂ ಹೋಗುತ್ತದೆ. ಘಣಸೋಲಿ ಅಥವಾ ಕೋಪರ್‌ಖೈರಣೆಯಲ್ಲಿ ಮನೆ ಹಿಡಿದರೆ ನಿಮ್ಮ ಹೆಂಡತಿಗೆ ಎರಡು ಮೂರು ನಿಲ್ದಾಣಗಳ ಪ್ರಯಾಣವಷ್ಟೇ, ಗಾಡಿ ಬದಲಿಸುವ ಪ್ರಶ್ನೆಯೇ ಬರುವುದಿಲ್ಲ.

ನೀವು ಕೋಪರ್‌ಖೈರಣೆಯಿಂದ ವಾಶಿಗೆ ಬಂದು ಹಾರ್ಬರ್ ಲೋಕಲ್ ಹಿಡಿದರೆ ಮಾನಖುರ್ದ್, ಗೋವಂಡಿ, ಚೆಂಬೂರು ದಾಟಿ ಸುಮಾರು ಅರ್ಧ ಗಂಟೆಯಲ್ಲಿ ಕುರ್ಲಾ. ಹಾರ್ಬರ್ ಮಾರ್ಗದಲ್ಲಿ ಫಾಸ್ಟ್ ಗಾಡಿಗಳಿಲ್ಲ, ಪನವೇಲ್‌ನಿಂದ ಬರುವವು ತುಂಬಿಯೂ ಇರುತ್ತವೆ. ಆದರೆ ವಾಶಿಯಿಂದಲೇ ಹೊರಡುವ ಲೋಕಲ್‌ಗಳೂ ಇವೆ, ಅವುಗಳ ವೇಳೆ ನೋಡಿಟ್ಟುಕೊಳ್ಳಿ. ಕುರ್ಲಾದಿಂದಾಚೆಗಿನ ರಿಕ್ಷಾ ಸಾಲು ನಿಮಗೂ ತಪ್ಪುವುದಿಲ್ಲ.

ಇನ್ನು ನೀರು. ಬಾಡಿಗೆಯ ಮನೆ ನೋಡುವಾಗ ಗಂಡಸರು ಇದನ್ನು ಕೇಳುವುದೇ ಇಲ್ಲ. ನವಿ ಮುಂಬಯಿ ಮಹಾನಗರಪಾಲಿಕೆಗೆ ಮೋರ್ಬೆ ಅಣೆಕಟ್ಟು ಸ್ವಂತದ್ದಾದ್ದರಿಂದ ನಮ್ಮ ಭಾಗದಲ್ಲಿ ಟ್ಯಾಂಕರಿನ ಗೋಳು ಕಡಿಮೆ. ಹೊಸದಾಗಿ ಬೆಳೆದ ದೂರದ ಬಡಾವಣೆಗಳಲ್ಲಿ ಬಾಡಿಗೆ ಕಡಿಮೆಯೆಂದು ಕಂಡರೂ, ಟ್ಯಾಂಕರಿನ ಖರ್ಚನ್ನು ಸೊಸೈಟಿಯವರು ಮೇಂಟೆನೆನ್ಸ್‌ಗೆ ಸೇರಿಸಿದಾಗ ಉಳಿತಾಯವೆಲ್ಲ ಅಲ್ಲಿಯೇ ಕರಗುತ್ತದೆ. ಕಾವಲುಗಾರರನ್ನು ಕೇಳಿ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಎಂದು. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ.

ಎರಡು ಎಚ್ಚರಿಕೆಗಳು. ನವಿ ಮುಂಬಯಿಯನ್ನು ಕಟ್ಟಿದ ಸರ್ಕಾರಿ ಸಂಸ್ಥೆಯಾದ ಸಿಡ್ಕೋ ಕಾಲದ ಹಳೆಯ ಕಟ್ಟಡಗಳಲ್ಲಿ ಅನೇಕ ಕಡೆ ಲಿಫ್ಟ್ ಇಲ್ಲ, ಆದ್ದರಿಂದ ನಿಮ್ಮ ತಂದೆಯವರಿಗಾಗಿ ನೆಲಮಹಡಿಯ ಮನೆಯನ್ನೇ ಕೇಳಿ. ನೆಲಮಹಡಿಯಾದರೆ ಮಳೆಗಾಲದಲ್ಲಿ ಗೋಡೆಗೆ ತೇವ ಏರುತ್ತದೆಯೇ ಎಂದು ಮಂಚ ಕಪಾಟುಗಳ ಹಿಂದೆ ಕೈಯಾಡಿಸಿ ನೋಡಿ, ಹೊಸ ಬಣ್ಣ ಬಳಿದಿದ್ದರೆ ಇನ್ನಷ್ಟು ಗಮನವಿಟ್ಟು ನೋಡಿ. ಎರಡನೆಯದಾಗಿ, ಗಾಂವಠಾಣದ, ಅಂದರೆ ಹಳೆಯ ಹಳ್ಳಿಯ ಜಾಗದ, ಒಳಗೆ ಅನುಮತಿಯಿಲ್ಲದೆ ಎಬ್ಬಿಸಿದ ಕಟ್ಟಡಗಳು ಬಹಳ ಅಗ್ಗವಾಗಿ ಸಿಗುತ್ತವೆ. ಅಲ್ಲಿ ಗಾಳಿ ಬೆಳಕು ಕಡಿಮೆ, ತೆರವಿನ ನೋಟಿಸು ಯಾವಾಗ ಬರುತ್ತದೆಂದು ಹೇಳಲಾಗದು.

ಉತ್ತರ: ಮೀರಾರೋಡ್‌ನಿಂದ

ನಾನು ಪಶ್ಚಿಮ ಮಾರ್ಗದವನು, ಈ ಊರಿನ ಮೇಲೆ ನನಗೆ ಅಭಿಮಾನವೂ ಇದೆ. ಆದರೂ ನಿಮಗೆ ಇಲ್ಲಿ ಬನ್ನಿ ಎಂದು ಹೇಳಲಾರೆ. ನೀವೊಬ್ಬರೇ ಆಗಿದ್ದರೆ ಮೀರಾರೋಡ್‌ನಿಂದ ಬಾಂದ್ರಾಕ್ಕೆ ನೇರ ಗಾಡಿ, ಅಲ್ಲಿಂದ ಬಿಕೆಸಿ ದೂರವಲ್ಲ. ನಿಮ್ಮ ಹೆಂಡತಿಗೆ ಮಾತ್ರ ಐರೋಲಿ ಊರಿನ ಇನ್ನೊಂದು ತುದಿ. ರಸ್ತೆಯಲ್ಲಿ ಹೋಗೋಣವೆಂದರೆ ಘೋಡ್‌ಬಂದರ್ ರಸ್ತೆಯ ವಾಹನದಟ್ಟಣೆ, ರೈಲಿನಲ್ಲಿ ಹೋಗೋಣವೆಂದರೆ ದಾದರ್‌ವರೆಗೆ ಇಳಿದು ಮತ್ತೆ ಠಾಣೆಯತ್ತ ಏರಬೇಕು. ವಸಾಯಿ, ನಾಲಾಸೋಪಾರಾ, ವಿರಾರ್‌ಗಳಲ್ಲಿ ಬಾಡಿಗೆ ಇನ್ನೂ ಇಳಿಯುತ್ತದೆ ನಿಜ, ಆದರೆ 2018ರ ಜುಲೈನಲ್ಲಿ ನಾಲಾಸೋಪಾರಾದ ಹಳಿಗಳು ಮುಳುಗಿ ಗಾಡಿಗಳು ನಿಂತುಹೋದದ್ದನ್ನು ಕಂಡವರು ವಯಸ್ಸಾದವರನ್ನೂ ಮಗುವನ್ನೂ ಕಟ್ಟಿಕೊಂಡು ಅಲ್ಲಿಗೆ ಹೋಗಲು ಎರಡು ಬಾರಿ ಯೋಚಿಸುತ್ತಾರೆ.

ಸಮುದ್ರದ ಮೇಲಿನ ಅಟಲ್ ಸೇತು ಆದ ಮೇಲೆ ನವಿ ಮುಂಬಯಿಯ ಉಲ್ವೆ ಹತ್ತಿರವಾಯಿತೆಂದು ಯಾರಾದರೂ ಹೇಳಬಹುದು. 2024ರ ಜನವರಿಯಲ್ಲಿ ತೆರೆದ ಆ ಸೇತುವೆಗೆ ಕಾರಿನ ಸುಂಕವನ್ನು ಒಂದು ಬದಿಗೆ 250 ರೂಪಾಯಿ ಎಂದು ನಿಗದಿಪಡಿಸಿದ್ದರು. 25 ಸಾವಿರದ ಬಾಡಿಗೆಯ ಮಿತಿಯಲ್ಲಿರುವ ಸಂಸಾರಕ್ಕೆ ಅದು ನಿತ್ಯದ ದಾರಿಯಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಠಾಣೆ

ಬದ್ಲಾಪುರದ ಫ್ಲ್ಯಾಟಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಊರು ಚೆನ್ನಾಗಿದೆ, ಹಸಿರಿದೆ. ಆದರೆ ಅದು ಸಿಎಸ್‌ಎಂಟಿಯಿಂದ ಸುಮಾರು 68 ಕಿ.ಮೀ. ದೂರದಲ್ಲಿದ್ದು, ಕಲ್ಯಾಣದಿಂದಾಚೆ ಲೋಕಲ್‌ಗಳೂ ದೂರದ ರೈಲುಗಳೂ ಎರಡೇ ಹಳಿಗಳನ್ನು ಹಂಚಿಕೊಂಡು ಬಂದಿರುವುದರಿಂದ ಒಂದು ಗಾಡಿ ಕೆಟ್ಟರೆ ಹಿಂದಿನವೆಲ್ಲ ನಿಲ್ಲುತ್ತವೆ. ಉಲ್ಹಾಸ್ ನದಿಯ ನೆರೆಯೂ ನೆನಪಿರಲಿ: 2019ರ ಜುಲೈನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕಿಬಿದ್ದದ್ದು ಬದ್ಲಾಪುರ–ವಾಂಗಣಿ ಭಾಗದಲ್ಲಿಯೇ.

ಊರನ್ನು ನೋಡದೆ, ಒಂದು ಮಳೆಗಾಲವನ್ನೂ ಕಳೆಯದೆ ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕಬೇಡಿ ಎಂಬುದು ನನ್ನ ಕಳಕಳಿಯ ಸಲಹೆ. ಕಲ್ಯಾಣ–ಡೊಂಬಿವಲಿಯಲ್ಲಿ 65 ಅಕ್ರಮ ಕಟ್ಟಡಗಳನ್ನು ಕೆಡವುವಂತೆ ಬಾಂಬೆ ಹೈಕೋರ್ಟ್ 2024ರಲ್ಲಿ ಆದೇಶಿಸಿತು. ನಕಲಿ ಅನುಮತಿ ಪತ್ರಗಳನ್ನು ತೋರಿಸಿ ಅವುಗಳಿಗೆ ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಪಡೆದಿದ್ದರು. ಮನೆ ಕೊಂಡವರು ಸಾಲದ ಕಂತು ಕಟ್ಟುತ್ತಲೇ ಬೀದಿಗೆ ಬೀಳುವ ಭಯದಲ್ಲಿ ಬದುಕಬೇಕಾಯಿತು. ಹೀಗಿರುವಾಗ ರೇರಾ ಸಂಖ್ಯೆಯೊಂದನ್ನೇ ನಂಬಿ ಹಣ ಕೊಡಬಾರದು. ನಕ್ಷೆಯ ಮಂಜೂರಾತಿಯನ್ನು ಸ್ಥಳೀಯ ಪಾಲಿಕೆಯ ನಗರಯೋಜನಾ ವಿಭಾಗದಲ್ಲಿ ಖುದ್ದಾಗಿ ತಾಳೆ ನೋಡಬೇಕು. ಕಟ್ಟಿ ಮುಗಿದ ಮನೆಯಾದರೆ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಇಲ್ಲದೆ ಮುಂದಡಿಯಿಡಬಾರದು. ಜಾಗದ ಹಕ್ಕುಪತ್ರಗಳನ್ನು ಬ್ರೋಕರ್ ಕರೆತಂದ ವಕೀಲರ ಕೈಗೆ ಕೊಡದೆ ನೀವೇ ಗೊತ್ತುಮಾಡಿದ ವಕೀಲರಿಂದ ಓದಿಸಬೇಕು.

ಬಾಡಿಗೆಯ ಮನೆಗೂ ಕಾಗದ ಮುಖ್ಯ. ಇಲ್ಲಿ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡುತ್ತಾರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಅದನ್ನು ಬರವಣಿಗೆಯಲ್ಲಿ ಮಾಡಿ ನೋಂದಾಯಿಸುವುದು ಕಡ್ಡಾಯ, ಆ ಹೊಣೆ ಮನೆಮಾಲೀಕರದು. ನೋಂದಣಿ ಬೇಡವೆನ್ನುವ ಮಾಲೀಕರಿಗೆ ಡಿಪಾಜಿಟ್ ಕೊಡಬೇಡಿ.

ಮರುಪ್ರಶ್ನೆ: ಹುಬ್ಬಳ್ಳಿಯಿಂದ ಬರುತ್ತಿರುವವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಬದ್ಲಾಪುರದ ಬ್ರೋಕರ್‌ಗೆ ಈಗಾಗಲೇ ಬೇಡವೆಂದು ತಿಳಿಸಿದ್ದೇನೆ. ಘಣಸೋಲಿ, ಕೋಪರ್‌ಖೈರಣೆಗಳನ್ನು ಮೊದಲು ನೋಡುವುದೆಂದು ನಾವಿಬ್ಬರೂ ಮಾತನಾಡಿಕೊಂಡಿದ್ದೇವೆ. ಬರುವ ಭಾನುವಾರ ಬಂದರೆ ಆಗಬಹುದೇ? ಅಲ್ಲಿಂದ ಹುಬ್ಬಳ್ಳಿಗೆ ಹೋಗಿಬರುವ ರೈಲಿನ ಅನುಕೂಲ, ತಂದೆಯವರಿಗೆ ಆಸ್ಪತ್ರೆ ಮತ್ತು ಮಗಳ ಶಾಲೆಯ ಬಗ್ಗೆಯೂ ನಾಲ್ಕು ಮಾತು ತಿಳಿಸಬೇಕೆಂದು ಅಕ್ಕನವರಲ್ಲಿ ವಿನಂತಿ.

ಉತ್ತರ: ಕೋಪರ್‌ಖೈರಣೆಯ ಗೃಹಿಣಿ

ಭಾನುವಾರ ಬೇಡ. ಅಂದು ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ಸಂಚಾರ ತಡೆ, ಇದ್ದರೆ ಗಾಡಿಗಳು ರದ್ದಾಗುತ್ತವೆ, ಇಲ್ಲದಿದ್ದರೆ ಖಾಲಿಯಾಗಿ ಓಡುತ್ತವೆ. ಎರಡರಲ್ಲಿ ಯಾವುದಾದರೂ ನಿಮಗೆ ನಿಜಸ್ಥಿತಿ ತಿಳಿಯುವುದಿಲ್ಲ. ಒಂದು ದಿನ ರಜೆ ಹಾಕಿ ಸೋಮವಾರ ಅಥವಾ ಮಂಗಳವಾರ ಬನ್ನಿ. ನೋಡಬೇಕೆಂದಿರುವ ಮನೆಯ ಗೇಟಿನಿಂದಲೇ ಬೆಳಿಗ್ಗೆ ಎಂಟಕ್ಕೆ ಹೊರಟು ವಾಶಿ, ಕುರ್ಲಾ ಮಾರ್ಗವಾಗಿ ಕಚೇರಿಯ ಬಾಗಿಲವರೆಗೆ ಹೋಗಿ, ಸಂಜೆ ಆರರ ನಂತರ ಅದೇ ದಾರಿಯಲ್ಲಿ ಹಿಂತಿರುಗಿ. ಸಂಜೆಯ ಪ್ರಯಾಣ ಬೆಳಗಿನದಕ್ಕಿಂತ ಹೆಚ್ಚು ದಣಿಸುತ್ತದೆ, ಅದನ್ನು ನೋಡದೆ ಡಿಪಾಜಿಟ್ ಕೊಡಬೇಡಿ.

ಊರಿಗೆ ಹೋಗಲು ಪುಣೆ, ಬೆಳಗಾವಿ ಮಾರ್ಗದ ರೈಲುಗಳನ್ನು ಠಾಣೆ ಅಥವಾ ಕಲ್ಯಾಣದಲ್ಲಿ ಹತ್ತಬಹುದು. ಯಾವ ಗಾಡಿ ಎಲ್ಲಿ ನಿಲ್ಲುತ್ತದೆಂದು ಟಿಕೆಟ್ ತೆಗೆಸುವಾಗ ನೋಡಿಕೊಳ್ಳಿ, ಠಾಣೆಯಾದರೆ ನಮ್ಮ ಲೋಕಲ್ ನೇರವಾಗಿ ಮುಟ್ಟಿಸುತ್ತದೆ. ವಾಶಿಯಲ್ಲಿ ಮಹಾನಗರಪಾಲಿಕೆಯ ಆಸ್ಪತ್ರೆಯಿದೆ, ನೆರೂಲ್‌ನಲ್ಲಿ ಡಿ. ವೈ. ಪಾಟೀಲ್ ಆಸ್ಪತ್ರೆಯಿದೆ.

ಮಗಳ ಶಾಲೆ ಯಾವ ಮಾಧ್ಯಮದ್ದಾದರೂ ಮರಾಠಿ ಕಲಿಯಲೇಬೇಕು, 2020ರ ಕಾಯ್ದೆಯಿಂದ ಅದು ಎಲ್ಲ ಶಾಲೆಗಳಲ್ಲೂ ಕಡ್ಡಾಯವಾಗಿದೆ. ಒಂದನೆಯ ತರಗತಿಯಾದ್ದರಿಂದ ಮಗುವಿಗೆ ಕಷ್ಟವಾಗದು. ಮನೆಯ ಕರಾರಿಗೆ ಸಹಿ ಹಾಕುವ ಮೊದಲೇ ಹತ್ತಿರದ ಶಾಲೆಯಲ್ಲಿ ಸೀಟು ಉಳಿದಿದೆಯೇ ಎಂದು ಕೇಳಿ, ಏಕೆಂದರೆ ಮನೆ ಒಂದು ಸೆಕ್ಟರಿನಲ್ಲಿ, ಶಾಲೆ ನಾಲ್ಕು ಸೆಕ್ಟರ್ ಆಚೆ ಆದರೆ ತಿಂಗಳ ವ್ಯಾನಿನ ಖರ್ಚು ಪ್ರತ್ಯೇಕ. ನೀವು ಬರುವ ದಿನ ತಿಳಿಸಿದರೆ ನಮ್ಮ ಸೊಸೈಟಿಯ ಕಾರ್ಯದರ್ಶಿಯವರನ್ನು ಕೇಳಿ, ನೆಲಮಹಡಿಯಲ್ಲಿ ಯಾವುದಾದರೂ ಮನೆ ಖಾಲಿಯಾಗುವುದಿದೆಯೇ ಎಂದು ವಿಚಾರಿಸಿಡುತ್ತೇನೆ.