ಸೋರಿಯಾಸಿಸ್ ಇದೆ, ಗಂಡನ ಹತ್ರ ಹೋಗೋಕೇ ಮುಜುಗರ, ಅನುಭವ ಇರೋರು ಹೇಳ್ತೀರಾ?

ಪ್ರಶ್ನೆ: ಮೊಣಕೈ, ಬೆನ್ನು ಆಯ್ತು, ಈಗ ತೊಡೆ ಸಂದಿಗೂ ಬಂದಿದೆ. ಲೈಟ್ ಆಫ್ ಮಾಡಿದ್ರೂ ಅವರ ಕೈಗೆ ಒರಟು ತಾಗತ್ತಲ್ಲ ಅನ್ನೋದೇ ತಲೇಲಿ, ಏನೋ ನೆಪ ಹೇಳಿ ಆ ಕಡೆ ತಿರುಗಿ ಮಲಗ್ತೀನಿ. ಅವರು ನನಗೇ ಇಷ್ಟ ಇಲ್ಲ ಅಂತ ತಿಳ್ಕೊಂಡಿದಾರೆ. ಹೆಂಗೆ ಹೇಳೋದು, ಡಾಕ್ಟರಿಗಾದ್ರೂ ಹೆಂಗೆ ಹೇಳೋದು?

ಉತ್ತರ: ನಂಗೂ ಸೋರಿಯಾಸಿಸ್ಸೇ, ಜಾಗಾನೂ ಅದೇ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಇದು ಅಂಟೋದಿಲ್ಲ, ಮುಟ್ಟಿದ್ರೂ ಇಲ್ಲ ಕೂಡಿದ್ರೂ ಇಲ್ಲ, ಇಮ್ಯೂನ್ ಸಿಸ್ಟಮ್ ಹದ ತಪ್ಪಿ ಚರ್ಮ ಬೇಗ ಬೇಗ ಬೆಳೆಯೋದ್ರಿಂದ ಆಗೋದು. ನಿಮ್ಮ ಗಂಡನಿಗೆ ಇದು ಗೊತ್ತಿರತ್ತೆ ಅಂತ ಬಿಡಬೇಡಿ, ಬಾಯಿಬಿಟ್ಟು ಹೇಳಿ, ಆದ್ರೆ ಹಾಸಿಗೇಲಿ ಆ ಹೊತ್ತಲ್ಲಿ ಬೇಡ. ನಾನು ಹೇಳಿದ್ದು ಬೆನ್ನಿಗೆ ಆಯಿಂಟ್‌ಮೆಂಟ್ ಹಚ್ಚಿಸ್ಕೊಳ್ಳುವಾಗ, ನನ್ನ ಗಂಡ ಹಿಂದೆ ಕೂತಿದ್ರು, ಮುಖ ಕಾಣ್ತಿರಲಿಲ್ಲ, ಆ ಧೈರ್ಯದಲ್ಲಿ "ನೀವು ಬೇಡ ಅಂತಲ್ಲ, ನಿಮಗೆ ಅಸಹ್ಯ ಆಗತ್ತೇನೋ ಅಂತ ಭಯ" ಅಂದ್ಬಿಟ್ಟೆ. ಹಚ್ಚೋ ಕೈ ನಿಲ್ಲಲಿಲ್ಲ. "ನಿಂಗೆ ನೋವಾಗತ್ತೇನೋ ಅಂತ ನಾನು ಸುಮ್ನಿದ್ದೆ" ಅಂದ್ರು. ಆಮೇಲೂ ಎಲ್ಲ ಒಂದೇ ಸಲ ಸರಿಹೋಗ್ಲಿಲ್ಲ, ಸ್ವಲ್ಪ ಕಾಲ ಬರೀ ತಬ್ಕೊಂಡು ಮಲಗೋದು ಅಷ್ಟೇ, ಮುಂದೆ ಹೋಗ್ಲೇಬೇಕು ಅಂತಿಲ್ಲ ಅಂದಾಗ ಮೈ ತಾನಾಗೇ ಸಡಿಲ ಆಯ್ತು.

ಡಾಕ್ಟರ ಹತ್ರ "ಕೆಳಗೂ ಇದೆ" ಅಂತ ಹೇಳಿದ್ರೆ ಸಾಕು, ಅವರು ದಿನಾ ನೋಡೋದೇ. ಹೇಳ್ಲೇಬೇಕು ಯಾಕಂದ್ರೆ ಸಂದಿಗಳಲ್ಲಿ ಹೊಟ್ಟು ಕಾಣಲ್ಲ, ಕೆಂಪಗೆ ನುಣ್ಣಗಿರತ್ತೆ, ಜನ ಫಂಗಸ್ ಅಂದ್ಕೊಂಡು ಅಂಗಡಿ ಕ್ರೀಮ್ ಹಚ್ತಾರೆ. ಮೊಣಕೈಗೆ ಕೊಟ್ಟ ಸ್ಟ್ರಾಂಗ್ ಸ್ಟಿರಾಯ್ಡ್ ಅಲ್ಲಿಗೆ ಹಚ್ಚಲೇಬೇಡಿ, ಅಲ್ಲಿನ ಚರ್ಮ ತೆಳು, ಇನ್ನೂ ತೆಳುವಾಗತ್ತೆ, ಅದಕ್ಕೆ ಬೇರೆ ಔಷಧಿ ಇದೆ. ಉಜ್ಜಾಟದಿಂದಾನೂ ಕೆರಳತ್ತೆ, ಲೂಬ್ರಿಕೆಂಟ್ ಬಳಸಿ, ತುಂಬಾ ಉರಿ ಇರೋ ದಿನ ಬಿಟ್ಬಿಡಿ. ವ್ಯಾಸಲಿನ್, ಎಣ್ಣೆ ಹಚ್ಚಿದ್ರೆ ಲೇಟೆಕ್ಸ್ ಕಾಂಡೋಮ್ ಹರಿಯತ್ತೆ, ಇದನ್ನ ಯಾರೂ ಹೇಳಲ್ಲ.

ಇನ್ನೊಬ್ಬರು: ಮೇಡಂ, ನನಗೆ ತೊನ್ನು. ಗಂಡಸರಿಗೂ ಇದೆಲ್ಲ ಆಗತ್ತೆ, ನಾವು ಹೇಳ್ಕೊಳಲ್ಲ ಅಷ್ಟೇ. ನೋವಿಲ್ಲ ತುರಿಕೆ ಇಲ್ಲ, ಹಂಗಾಗಿ ಎಲ್ರೂ "ಅದೇನ್ ಮಹಾ ಬಿಡು" ಅಂತಾರೆ, ಶರ್ಟ್ ಬಿಚ್ಚೋ ಮುಂಚೆ ಎದೆ ಹೊಡ್ಕೊಳೋದು ಅವರಿಗೆ ಕಾಣಲ್ಲ. ಡಾಕ್ಟರ ಹತ್ರ ಬಾಯಿ ಬರದಿದ್ರೆ ಡಿಎಲ್‌ಕ್ಯೂಐ ಅಂತ, ಚರ್ಮದ ಕಾಯಿಲೆ ಬದುಕಿಗೆ ಎಷ್ಟು ತೊಂದರೆ ಕೊಡ್ತಿದೆ ಅಂತ ಕೇಳೋ 10 ಪ್ರಶ್ನೆಯ ಒಂದು ಫಾರ್ಮ್ ಇದೆ, 1994ರಿಂದ ಬಳಕೇಲಿದೆ, ಚರ್ಮದಿಂದ ಲೈಂಗಿಕ ತೊಂದರೆ ಆಗಿದ್ಯಾ ಅಂತಾನೇ ಅದರಲ್ಲೊಂದು ಪ್ರಶ್ನೆ, ಟಿಕ್ ಹಾಕಿ ಕೊಟ್ರೆ ಮಾತು ಅವರೇ ಶುರು ಮಾಡ್ತಾರೆ. ನಿದ್ದೆ ಬರ್ದೆ, ಯಾವುದರಲ್ಲೂ ಮನಸ್ಸಿಲ್ದೆ ವಾರಗಟ್ಲೆ ಆದ್ರೆ ಕೌನ್ಸೆಲಿಂಗ್‌ಗೆ ಹೋಗಿ, ನನಗೆ ಮುಲಾಮಿಗಿಂತ ಮೊದಲು ಕೆಲಸ ಮಾಡಿದ್ದು ಅದೇ.

ಮತ್ತೊಬ್ಬರು: ನಾನು ಈ ಕಡೆಯವನು, ನನ್ನ ಹೆಂಡತಿಗೆ ಹೈಡ್ರಾಡಿನೈಟಿಸ್, ಕಂಕುಳು ತೊಡೆ ಸಂದೀಲಿ ಗಡ್ಡೆ ಆಗಿ ಕೀವು ಸೋರತ್ತೆ. ಕೊಳಕಿಂದ ಬರೋದಲ್ಲ ಇದು, ಆದ್ರೂ ಅವಳು ಮತ್ತೆ ಮತ್ತೆ ಸ್ನಾನ ಮಾಡೋಳು. ನಾವು ಗಂಡಂದಿರಿಗೂ ಏನ್ ಕೇಳ್ಬೇಕು ಗೊತ್ತಾಗಲ್ಲ ಅಕ್ಕ, ಹಂಗಾಗಿ ಸುಮ್ಮನಿರ್ತೀವಿ. ನಾನೀಗ "ಇವತ್ತು ಎಲ್ಲಿ ಮುಟ್ಬಾರ್ದು" ಅಂತ ಮೊದಲೇ ಕೇಳ್ತೀನಿ, ಉಳಿದ ಕಡೆ ನಿರಾಳ.

ಮೊದಲು ಉತ್ತರ ಬರೆದವಳೇ: ಇನ್ನೊಂದು ಬಿಟ್ಟೋಗಿತ್ತು. ಮಗು ಯೋಚನೆ ಇದ್ರೆ ಡಾಕ್ಟರಿಗೆ ಮೊದಲೇ ತಿಳಿಸಿ, ಸೋರಿಯಾಸಿಸ್‌ಗೆ ಕೊಡೋ ಔಷಧಿಗಳಲ್ಲಿ ಮೆಥೋಟ್ರೆಕ್ಸೇಟ್ ಗರ್ಭಕ್ಕೆ ಅಪಾಯ, ಅಸಿಟ್ರೆಟಿನ್ ತಗೊಂಡಿದ್ರೆ ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸೋ ಹಾಗಿಲ್ಲ.